ವೆಬ್‌ಸೈಟಿಗೂ ಸೀಲು ಹೊಡೆಯುತ್ತಿದ್ದ ಸರ್

ಗ್ರಂಥಾಲಯದ ಕಾರ್ಡುಗಳಿಗೆ ಶೇಂಗಾ ಹಿಂಡಿಯ ವಾಸನೆ ಇರುತ್ತದೆ ಎಂದರೆ ನೀವು ನಗಬಹುದು. ಹೋದ ವಾರ ಕೊಟ್ಟೂರಿನಿಂದ ನಮ್ಮ ಕಾಲೇಜಿಗೆ ಬಂದ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಅದೇ. ಎಣ್ಣೆ ಜಿಡ್ಡಿನ, ಸ್ವಲ್ಪ ಸುಟ್ಟಂಥ, ಸ್ವಲ್ಪ ಸಿಹಿ ವಾಸನೆ. ಅದರ ಹಿಂದೆಯೇ ಸೀಲ್ ಪ್ಯಾಡಿನ ನೇರಳೆ ಶಾಯಿಯ ಘಾಟು. ಹಗರಿಬೊಮ್ಮನಹಳ್ಳಿಯ ಈ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿ ಹತ್ತು ವರ್ಷ ದಾಟಿತು. ಇಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಹಾಗಾಗಿ ನನ್ನ ಕೆಲಸಕ್ಕೊಂದು ವಾಸನೆ ಇತ್ತೆನ್ನುವುದೇ ಮರೆತುಹೋಗಿತ್ತು. ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತುಬಿಟ್ಟೆ…

ಅದು ಬಂದದ್ದು ನಾನು ಮೊಟ್ಟಮೊದಲು ಕೆಲಸ ಮಾಡಿದ ವಾಚನಾಲಯದಿಂದ. ಎಣ್ಣೆ ಮಿಲ್ಲಿನ ಮನೆತನದವರು ತಮ್ಮ ಹಿರಿಯರ ನೆನಪಿಗೆಂದು ಮಿಲ್ಲಿನ ಪಕ್ಕದಲ್ಲೇ ಕಟ್ಟಿಸಿದ ಎರಡು ಕೋಣೆಯ ಕಟ್ಟಡ ಅದು. ಗೋಡೆಯ ಆಚೆ ಗಾಣ ತಿರುಗಿದರೆ ಈಚೆ ಓದುವವರ ಬೆಂಚು ನಡುಗುತ್ತಿತ್ತು. ಈಗ ಅದನ್ನು ಮುಚ್ಚಿದ್ದಾರಂತೆ. ‘ಸರ್ ಹೋದ ಮೇಲೆ ಅಲ್ಲಿ ಕೂಡುವವರು ಇಲ್ಲ. ನೀವು ಅಲ್ಲಿ ಇದ್ದವರು, ಕಾರ್ಡುಗಳನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ’ ಎಂದು ಆ ಮನೆಯ ಸೊಸೆ ಚೀಟಿ ಬರೆದಿಟ್ಟಿದ್ದರು.

ಸರ್ ಎಂದರೆ ಅಲ್ಲಿನ ಗ್ರಂಥಪಾಲಕರು. ಇಡೀ ಊರು ಅವರನ್ನು ಲೈಬ್ರರಿ ಸರ್ ಎಂದೇ ಕರೆಯುತ್ತಿತ್ತು. ಅವರ ಹೆಂಡತಿ ಕೂಡ ಮನೆಗೆ ಬಂದವರಿಗೆ ‘ಲೈಬ್ರರಿ ಸರ್ ಇನ್ನೂ ಬಂದಿಲ್ರಿ’ ಎನ್ನುತ್ತಿದ್ದರು. ನಾನೂ ಇಲ್ಲಿ ಅಷ್ಟೇ ಅನ್ನುತ್ತೇನೆ.

ನಾನು ಗ್ರಂಥಾಲಯ ವಿಜ್ಞಾನದ ಪದವಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿ, ಆ ಸರ್ಟಿಫಿಕೇಟನ್ನು ಹೆಚ್ಚುಕಡಿಮೆ ಹಣೆಗೇ ಅಂಟಿಸಿಕೊಂಡು, ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಸಹಾಯಕಿಯ ಕೆಲಸ. ಸರ್ ಆಗಲೇ ಅರವತ್ತರ ಹತ್ತಿರ ಇದ್ದರು. ಕಿವಿಯ ಮೇಲೆ ಪೆನ್ಸಿಲ್, ಬಲಗೈ ತೋರುಬೆರಳಿಗೆ ಅಳಿಸಿಹೋಗದ ನೇರಳೆ ಬಣ್ಣ. ಮಿಲ್ಲಿನವರು ತಮ್ಮ ಆಫೀಸಿನ ಹಳೆಯ ಕಂಪ್ಯೂಟರನ್ನು ವಾಚನಾಲಯಕ್ಕೆ ಕೊಟ್ಟಿದ್ದರು. ಇಂಥ ಹಿರಿಯರು ಕಂಪ್ಯೂಟರ್ ಕಂಡರೆ ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆ, ನಾನೇ ಇವರಿಗೆ ಕಲಿಸಬೇಕಾದೀತು ಎಂದುಕೊಂಡಿದ್ದೆ. ಮೊದಲ ದಿನವೇ ಸರ್ ನನ್ನನ್ನು ಒಂದು ಡ್ರಾಯರಿನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

‘ಇವು ಪುಸ್ತಕದ ಕಾರ್ಡಲ್ಲ ನೋಡವಾ. ವೆಬ್‌ಸೈಟಿನ ಕಾರ್ಡು’ ಎಂದರು.

ನಾನು ನಗು ತಡೆದುಕೊಂಡೆ. ಪುಸ್ತಕಕ್ಕೆ ಮಾಡುವಂಥದೇ ಕಾರ್ಡನ್ನು ಅವರು ಒಂದೊಂದು ಜಾಲತಾಣಕ್ಕೂ ಮಾಡಿದ್ದರು. ಮೇಲೆ ವರ್ಗ ಸಂಖ್ಯೆ, ಕೆಳಗೆ ತಾಣದ ವಿಳಾಸ, ಒಂದು ಚುಕ್ಕೆಯೂ ತಪ್ಪದ ಇಂಗ್ಲಿಷ್ ಅಕ್ಷರಗಳಲ್ಲಿ. ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಫೋಟೊ ತೆಗೆದು ಹಾಕಿದ ತಾಣ, ನಿಘಂಟು, ಪಹಣಿ ನೋಡುವುದು, ಮಾರುಕಟ್ಟೆಯ ಧಾರಣೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಬೆಳೆಗೆ ಬೀಳುವ ರೋಗದ ಚಿತ್ರಗಳು, ಬೇರೆ ಊರಿನ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ಇದೆ ಎಂದು ಒಟ್ಟಿಗೆ ತೋರಿಸುವ ಸೂಚಿ. ಸತ್ತುಹೋದ ಪುಟಗಳ ಹಳೆಯ ನಕಲು ಕಾದಿಟ್ಟುಕೊಳ್ಳುವ ತಾಣವೊಂದಕ್ಕೆ ಮಾತ್ರ ಕಾರ್ಡಿನ ಮೂಲೆಗೆ ನಕ್ಷತ್ರ ಹಾಕಿದ್ದರು. ‘ಇದು ನಮ್ಮಂಥವರು ಯಾರೋ ಮಾಡಿದ್ದು’ ಎಂದು ಬಹಳ ಮೆಚ್ಚಿಕೆಯಿಂದ ಹೇಳಿದ್ದರು.

ಇಷ್ಟೇ ಆಗಿದ್ದರೆ ಹಳೆಯ ಕಾಲದವರ ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಸರ್ ಆ ತಾಣಗಳನ್ನು ಓದುಗರಿಗೆ ಎರವಲು ಕೊಡುತ್ತಿದ್ದರು! ಯಾರಾದರೂ ಬಂದು ಇಂಥದ್ದು ಬೇಕು ಎಂದರೆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು, ಹದಿನೈದು ದಿನದ ವಾಪಸ್ ತಾರೀಕು ಹಾಕಿ, ಅದರ ಮೇಲೆ ಠಪ್ ಎಂದು ಸೀಲು ಹೊಡೆಯುತ್ತಿದ್ದರು. ವಾಪಸ್ ಕೊಡುವುದು ಎಂದರೆ, ಆ ದಿನ ಬಂದು ಅದರಿಂದ ಏನು ಸಿಕ್ಕಿತು ಎಂದು ಹೇಳಬೇಕು. ಅದನ್ನು ಸರ್ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತಿದ್ದರು. ಯಾರು, ಯಾವಾಗ, ಏನು ಸಿಕ್ಕಿತು ಎಂದು ಮೂರು ಕಾಲಂ.

‘ಸರ್, ವೆಬ್‌ಸೈಟ್ ಒಬ್ರು ಒಯ್ದ್ರ ಇನ್ನೊಬ್ರಿಗೆ ಸಿಗಂಗಿಲ್ಲ ಅಂತೇನಿಲ್ಲಲ್ರಿ’ ಎಂದೆ, ತಿಳಿದವಳ ಗತ್ತಿನಲ್ಲಿ.

‘ಅದು ನಂಗೂ ಗೊತ್ತವಾ. ಪುಸ್ತಕ ಆದ್ರ ಓದ್ಲಿಲ್ಲಂದ್ರೂ ತಿರುಗಿ ಬರ್ತೈತಿ. ಇದು ಹೋದ್ರ ಹೋತು. ಅವರ ಕೆಲಸ ಆತೋ ಇಲ್ಲೋ ನಂಗ ಹೆಂಗ ಗೊತ್ತಾಗ್ಬೇಕು?’

ಜನ ನಿಜವಾಗಿಯೂ ವಾಪಸ್ ಕೊಡಲು ಬರುತ್ತಿದ್ದರು ಎಂಬುದೇ ನನಗೆ ಸೋಜಿಗ. ನೀಲಗುಂದದ ರೈತರೊಬ್ಬರು ಶೇಂಗಾ ಎಲೆಯ ಮೇಲಿನ ಚುಕ್ಕೆ ರೋಗದ ಚಿತ್ರ ನೋಡಲು ತಾಣ ಒಯ್ದಿದ್ದವರು, ಹದಿನೈದನೇ ದಿನ ಅದೇ ರೋಗದ ಎಲೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಸುರಿದರು. ಒಬ್ಬ ಅಂಗನವಾಡಿ ಟೀಚರು ಮಕ್ಕಳ ಹಾಡಿನ ತಾಣ ಒಯ್ದಿದ್ದರು. ಏನು ಸಿಕ್ಕಿತು ಎಂದು ಕೇಳಿದಾಗ ಬಾಯಲ್ಲಿ ಹೇಳಲು ನಾಚಿ, ಅಲ್ಲೇ ಕಪ್ಪೆಯ ಹಾಡೊಂದನ್ನು ಅಭಿನಯ ಸಮೇತ ಹಾಡಿಬಿಟ್ಟರು. ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೆ ಪೇಪರು ಓದುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸರ್ ಗಂಭೀರವಾಗಿ ಮೂರನೇ ಕಾಲಮ್ಮಿನಲ್ಲಿ ‘ಹಾಡು ಸಿಕ್ಕಿತು, ಚೆನ್ನಾಗಿದೆ’ ಎಂದು ಬರೆದುಕೊಂಡರು.

ಸೋಮವಾರ ವಾಚನಾಲಯಕ್ಕೆ ರಜೆ. ನಮಗೆ ಅದೇ ದೊಡ್ಡ ಕೆಲಸದ ದಿನ. ಗುಡಿಗೆ ಬಂದವರ ಗದ್ದಲ ಬೀದಿಯಲ್ಲಿ ಹರಿಯುತ್ತಿದ್ದರೆ, ಸರ್ ಬಾಗಿಲು ಅರ್ಧ ಮುಚ್ಚಿಕೊಂಡು ಡ್ರಾಯರಿನ ಒಂದೊಂದೇ ಕಾರ್ಡು ತೆಗೆದು, ಅದರ ವಿಳಾಸ ತೆರೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ತೆರೆದರೆ ತಾರೀಕು ಬರೆದು ಟಿಕ್ಕು. ತೆರೆಯದಿದ್ದರೆ ಕೆಂಪು ಗೆರೆ, ಮತ್ತೆ ಹೊಸ ವಿಳಾಸ ಎಲ್ಲಿ ಹೋಯಿತು ಎಂದು ಹುಡುಕಾಟ. ನೂರಕ್ಕೂ ಹೆಚ್ಚು ಕಾರ್ಡು. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುವಂಥ ಇಂಟರ್ನೆಟ್ಟು. ಯಾರು ಪರೀಕ್ಷಿಸಿದ್ದು ಎಂದು ಗೊತ್ತಾಗಲೆಂದು ಸರ್ ನೀಲಿ ಶಾಯಿಯಲ್ಲಿ, ನಾನು ಹಸಿರು ಶಾಯಿಯಲ್ಲಿ ಟಿಕ್ಕು ಹಾಕಬೇಕು ಎಂದು ಅವರೇ ನಿಯಮ ಮಾಡಿದ್ದರು. ಬಸ್ಸಿನಲ್ಲಿ ನನ್ನ ಗೆಳತಿಯರಿಗೆ ಇದನ್ನೆಲ್ಲ ನಟಿಸಿ ತೋರಿಸಿ ನಗಿಸುತ್ತಿದ್ದೆ. ಸರ್ ಸೀಲು ಹೊಡೆಯುವುದನ್ನಂತೂ ತುಂಬ ಚೆನ್ನಾಗಿ ನಟಿಸುತ್ತಿದ್ದೆ…

ಒಂದು ಸೋಮವಾರ ಸರ್ ಹರಪನಹಳ್ಳಿಗೆ ಸಂಬಂಧಿಕರ ಮನೆಯ ಮದುವೆ ನಿಶ್ಚಯಕ್ಕೆಂದು ಹೋದರು. ಕಾರ್ಡುಗಳು ನನ್ನ ಪಾಲಿಗೆ. ನಾನು ಬಾಗಿಲು ತೆಗೆಯುವ ಹೊತ್ತಿಗೇ ಕರೆಂಟ್ ಹೋಗಿತ್ತು. ಲೈನ್ ಕೆಲಸ, ಸಂಜೆಯ ತನಕ ಬರುವುದಿಲ್ಲ ಎಂದು ಮಿಲ್ಲಿನ ಕಾವಲುಗಾರ ಹೇಳಿದ. ಯುಪಿಎಸ್ ಮೇಲೆ ಐದಾರು ಕಾರ್ಡು ನೋಡುವಷ್ಟರಲ್ಲಿ ಅದೂ ಕುಂಯ್‌ಗುಟ್ಟಿ ಸುಮ್ಮನಾಯಿತು. ದಿನಚರಿ ಪುಸ್ತಕದಲ್ಲಿ ‘ಬೆಳಿಗ್ಗೆಯಿಂದ ಕರೆಂಟ್ ಇಲ್ಲ’ ಎಂದು ಪ್ರಾಮಾಣಿಕವಾಗಿ ಬರೆದೆ. ಆಮೇಲೆ ಒಂದೂವರೆಯ ಕೂಡ್ಲಿಗಿ ಬಸ್ಸು ನೆನಪಾಯಿತು. ಹೋದ ವಾರ ತೆರೆದ ಪುಟ ಈ ವಾರ ಎಲ್ಲಿ ಹೋಗುತ್ತದೆ ಎನಿಸಿತು. ಉಳಿದ ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು, ತಾರೀಕು ಬರೆದು, ಹಸಿರು ಟಿಕ್ಕು ಹಾಕುತ್ತಾ ಹೋದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮರುದಿನ ಸರ್ ಬಂದವರೇ ಕೇಳಿದರು: ‘ಎಲ್ಲಾ ತೆರದ್ವೇನವಾ?’

‘ಹೂನ್ರಿ ಸರ್, ಎಲ್ಲಾ ತೆರದ್ವು’ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಾಲಿಗೆ ತಡವರಿಸಲೂ ಇಲ್ಲ.

ಅದೇ ಗುರುವಾರ ಉಜ್ಜಿನಿಯಿಂದ ಒಬ್ಬ ಹುಡುಗಿ ಬಂದಳು. ಹಿಂದೆಯೂ ಎರಡು ಸಲ ಬಂದಿದ್ದವಳು. ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಬೇಕು, ಊಟ ವಸತಿ ಎಲ್ಲ ಅಲ್ಲೇ, ವಯಸ್ಸಿನ ಮಿತಿಯ ಪ್ರಕಾರ ತನಗೆ ಇದೇ ಕೊನೆಯ ವರ್ಷ ಎಂದಳು. ಮನೆಯಲ್ಲಿ ಈ ಒಂದು ಸಲ ನೋಡೋಣ ಎಂದು ಒಪ್ಪಿದ್ದರಂತೆ. ಅರ್ಜಿ ಮುಂದಿನ ವಾರ ತೆರೆಯುವುದಿತ್ತು. ಸರ್ ಡ್ರಾಯರ್ ಎಳೆದು ಕಾರ್ಡು ತೆಗೆದರು. ಮೂರು ದಿನದ ಹಿಂದಿನ ಹಸಿರು ಟಿಕ್ಕು ನೋಡಿ ತಲೆಯಾಡಿಸಿದರು. ವಿಳಾಸ ಬರೆದು, ತಾರೀಕು ಹಾಕಿ, ಸೀಲು ಹೊಡೆದು ಕೊಟ್ಟರು. ಎರವಲು ಹೋದ ಕಾರ್ಡುಗಳು ವಾಪಸ್ ಆಗುವ ತನಕ ಮೇಜಿನ ಟ್ರೇನಲ್ಲೇ ಇರುತ್ತಿದ್ದವು, ಸೋಮವಾರದ ಪರೀಕ್ಷೆಗೆ ಬರುತ್ತಿರಲಿಲ್ಲ; ಈ ಕಾರ್ಡನ್ನೂ ಅಲ್ಲೇ ಇಟ್ಟರು. ಆಕೆ ಚೀಟಿಯನ್ನು ಎರಡು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಳು. ನಾನು ಪಕ್ಕದಲ್ಲೇ ಪುಸ್ತಕಕ್ಕೆ ರಟ್ಟು ಅಂಟಿಸುತ್ತಿದ್ದೆ. ನನ್ನ ಮನಸ್ಸಿಗೆ ಏನೂ ಹೊಳೆಯಲಿಲ್ಲ.

ಹದಿನೈದನೇ ದಿನ ಆಕೆ ಬಂದಳು. ಚೀಟಿಯನ್ನು ಮೇಜಿನ ಮೇಲೆ ಇಟ್ಟು, ‘ಸರ್, ಅದು ತೆರೀಲೇ ಇಲ್ರಿ’ ಎಂದಳು. ‘ನಮ್ಮಣ್ಣನ ಫೋನಿನ್ಯಾಗ ದಿನಾ ನೋಡೀನಿ. ನಮ್ಮೂರಾಗ ನೆಟ್ ಸರಿಯಿಲ್ಲ ಅಂತ ಗುಡ್ಡದ ಮ್ಯಾಲೂ ಹೋಗಿ ನೋಡೀನ್ರಿ.’

ಸರ್ ಕಂಪ್ಯೂಟರಿನಲ್ಲಿ ವಿಳಾಸ ಹೊಡೆದರು. ಪುಟ ಸಿಗುತ್ತಿಲ್ಲ ಎಂದು ಬಂತು. ಹುಡುಕಿದರು. ಹತ್ತೇ ನಿಮಿಷದಲ್ಲಿ ಹೊಸ ವಿಳಾಸ ಸಿಕ್ಕಿತು. ಅರ್ಜಿಯ ಕೊನೆಯ ದಿನ ಎರಡು ದಿನದ ಹಿಂದೆ ಮುಗಿದಿತ್ತು.

‘ಮೊದ್ಲ ಬರಬಾರ್ದಿತ್ತೇನವಾ?’ ಎಂದರು ಸರ್.

‘ಸೀಲು ಹೊಡದಿದ್ರಲ್ರಿ ಸರ್. ಅದಕ್ಕ ತಪ್ಪು ನಮ್ಮ ಫೋನಿಂದ ಅನ್ಕೊಂಡೆ. ವಾಪಸ್ ತಾರೀಕು ಇವತ್ತಿತ್ತು, ಇವತ್ತ ಬಂದೀನಿ…’

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ. ಸರ್ ಎದ್ದು ನಿಂತು, ತಮ್ಮ ಮಗಳ ವಯಸ್ಸಿನ ಅವಳ ಮುಂದೆ ಕೈ ಮುಗಿದರು. ‘ತಪ್ಪು ನಂದೈತಿ ತಾಯಿ. ನಾನು ನೋಡಿ ಕೊಡಬೇಕಿತ್ತು, ನೋಡ್ಲಿಲ್ಲ’ ಎಂದರು. ನಾನು ಮೂರು ಮಾರು ದೂರದಲ್ಲಿ ಪೇಪರುಗಳ ಸ್ಟ್ಯಾಂಡ್ ಹಿಡಿದುಕೊಂಡು ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಪೇಪರುಗಳ ಅಂಚು ಸರಿಮಾಡುತ್ತಾ ಹೋದೆ.

ಮರುದಿನ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆಕೆಯನ್ನೂ ಆಕೆಯ ಅಣ್ಣನನ್ನೂ ಕರೆದುಕೊಂಡು ಬಳ್ಳಾರಿಗೆ ಹೋದರು. ಅಲ್ಲಿಯ ಕಚೇರಿಯಲ್ಲಿ ಮರ್ಯಾದೆಯಿಂದಲೇ ಮಾತನಾಡಿಸಿದರಂತೆ. ಆದರೆ ದಿನ ಮುಗಿದ ಮೇಲೆ ಕಂಪ್ಯೂಟರ್ ಅರ್ಜಿ ತೆಗೆದುಕೊಳ್ಳುವುದಿಲ್ಲ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರಂತೆ. ಸಂಜೆ ಬಂದವರು ನನ್ನ ಮುಂದೆ ಇಷ್ಟು ಹೇಳಿ ನೀರು ಕುಡಿದರು. ನಿನ್ನ ಟಿಕ್ಕು ಹೇಗೆ ಬಂತು ಎಂದು ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ. ನಾನು ಟಿಕ್ಕು ಹಾಕಿದ ಮೇಲಿನ ಮೂರು ದಿನದಲ್ಲಿ ಹಳೆಯ ಪುಟ ಸತ್ತಿರಬಹುದು ಎಂದು ಅವರೇ ಸಮಾಧಾನ ಮಾಡಿಕೊಂಡಿದ್ದಾರೆ ಅಂದುಕೊಂಡೆ. ಬಚಾವಾದೆ ಎಂದೂ ಅನಿಸಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವತ್ತು ಹಾಗೇ ಅನಿಸಿದ್ದು.

ಆಮೇಲೆ ಸರ್ ಎರಡು ಬದಲಾವಣೆ ಮಾಡಿದರು. ತಾಣದ ಚೀಟಿಗೆ ವಾಪಸ್ ತಾರೀಕು ಹಾಕುವುದನ್ನು ನಿಲ್ಲಿಸಿ, ಆ ಜಾಗದಲ್ಲಿ ‘ತೆರೆಯದಿದ್ದರೆ ಅಂದೇ ಬನ್ನಿ’ ಎಂದು ಬರೆಯತೊಡಗಿದರು. ಇನ್ನೊಂದು, ಸೋಮವಾರ ನಮ್ಮಿಬ್ಬರ ಕುರ್ಚಿಗಳನ್ನೂ ಕಂಪ್ಯೂಟರಿನ ಮುಂದೆ ಒಟ್ಟಿಗೆ ಹಾಕಿಸಿದರು. ‘ನೀ ವಿಳಾಸ ಓದವಾ, ನಾ ತೆರೀತೀನಿ’ ಎನ್ನುತ್ತಿದ್ದರು. ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಡೆಯಿತು. ಒಂದು ಸೋಮವಾರವೂ ಅವರು ನನ್ನನ್ನು ಕಾರ್ಡುಗಳ ಜೊತೆ ಒಬ್ಬಳೇ ಬಿಡಲಿಲ್ಲ. ನನಗೆ ಬೇಸರವಾಗದಿರಲಿ ಎಂದು ಮಧ್ಯೆ ಮಂಡಕ್ಕಿ ಮಿರ್ಚಿ ತರಿಸುತ್ತಿದ್ದರು.

ಆ ಹುಡುಗಿಯನ್ನು ನಾನು ಮತ್ತೆ ಒಂದೇ ಸಲ ನೋಡಿದೆ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ, ಬ್ಲೌಸ್ ಪೀಸುಗಳ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೊಲಿಗೆ ಕೆಲಸ ಹಿಡಿದಿದ್ದಾಳೆ ಎಂದು ಕೇಳಿದ್ದೆ. ನಾನು ಕಂಬದ ಮರೆಗೆ ಸರಿದು ನನ್ನ ಬಸ್ಸು ಬರುವ ತನಕ ಅಲ್ಲೇ ನಿಂತಿದ್ದೆ.

ಈ ಕಾಲೇಜಿನ ಕೆಲಸ ಸಿಕ್ಕಾಗ ಬಿಡುವ ದಿನ ಸರ್‌ಗೆ ಬೀಗದ ಕೈ, ಸೀಲು, ದಿನಚರಿ ಎಲ್ಲ ಒಪ್ಪಿಸಿದೆ. ಅವರು ಅದನ್ನೆಲ್ಲ ಪಕ್ಕಕ್ಕಿಟ್ಟು, ತಾಣಗಳ ಡ್ರಾಯರ್ ಅರ್ಧ ಎಳೆದುಕೊಂಡು, ಎದುರಿಗೆ ಕೂತರು. ಗೋಡೆಯ ಆಚೆ ಗಾಣದ ಸದ್ದು.

‘ಏನರ ಹೇಳೋದಿದ್ರ ಹೇಳವಾ. ಬಸ್ಸಿಗೆ ಇನ್ನೂ ಟೈಮ್ ಐತಿ’ ಎಂದರು.

‘ಏನಿಲ್ರಿ ಸರ್’ ಎಂದೆ.

ಅವರು ಡ್ರಾಯರ್ ಮುಚ್ಚಿದರು. ‘ಛಲೋ ಆಗ್ಲಿ ತಾಯಿ’ ಎಂದರು. ನಾನು ಕಾಲಿಗೆ ನಮಸ್ಕಾರ ಮಾಡಿ ಬಂದೆ. ಆಮೇಲೆ ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಒಂದು ವಾರ ತಡವಾಗಿ ನನಗೆ ಮುಟ್ಟಿತು…

ನಾನೀಗ ಇಲ್ಲಿ ಇಡೀ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ತಾಣಗಳ ಪಟ್ಟಿ ಮಾಡಿ ಕೊಡುತ್ತೇನೆ. ಉಚಿತವಾಗಿ ಓದಲು ಸಿಗುವ ಸಂಶೋಧನಾ ಪತ್ರಿಕೆಗಳು, ವಿದ್ಯಾರ್ಥಿವೇತನದ ಪುಟಗಳು, ಕೋಗಳಿಯ ಹಳೆಯ ಬಸದಿಯ ಮೇಲೆ ಯಾರೋ ಬರೆದ ಪ್ರಬಂಧದ ತನಕ. ಫೋನ್ ಹಿಡಿದರೆ ಸಾಕು, ಗೋಡೆಯ ಮೇಲಿನ ಕ್ಯೂಆರ್ ಕೋಡಿನ ಚೌಕದಿಂದ ಪಟ್ಟಿ ತೆರೆದುಕೊಳ್ಳುತ್ತದೆ. ಕೆಟ್ಟ ವಿಳಾಸಗಳನ್ನು ಪತ್ತೆ ಮಾಡುವುದಕ್ಕೂ ಒಂದು ಸಾಧನ ಇದೆ. ಗುಂಡಿ ಒತ್ತಿದರೆ ಚಹಾ ಆರುವುದರೊಳಗೆ ಅಷ್ಟೂ ವಿಳಾಸ ನೋಡಿ, ಸರಿ ಇದ್ದದ್ದರ ಮುಂದೆ ಟಿಕ್ಕು ಹಾಕುತ್ತದೆ. ಹಸಿರು ಟಿಕ್ಕು. ಪುಟ ತೆರೆಯಿತೇ ಎಂದಷ್ಟೇ ಅದು ನೋಡುತ್ತದೆ. ಹೋದ ತಿಂಗಳು ವಿದ್ಯಾರ್ಥಿವೇತನದ ಒಂದು ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದು ಕೂತಿತ್ತು, ಅದಕ್ಕೂ ಹಸಿರು ಟಿಕ್ಕು ಬಿದ್ದಿತ್ತು. ಆದ್ದರಿಂದ ಸೋಮವಾರ ನಾನೇ ಒಂದೊಂದನ್ನೂ ತೆರೆದು ಓದುತ್ತೇನೆ. ಮೇಡಂಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನೂ ಯಾರೋ ನಟಿಸಿ ತೋರಿಸುತ್ತಿರಬಹುದು.

ಪೆಟ್ಟಿಗೆಯಲ್ಲಿ ಆ ಕಾರ್ಡು ಹುಡುಕಲು ನನಗೆ ಕಷ್ಟವಾಗಲಿಲ್ಲ. ನೀಲಿ ಟಿಕ್ಕುಗಳ ಕೊನೆಗೆ ಆ ಸೋಮವಾರದ ಹಸಿರು ಟಿಕ್ಕು, ಅದರ ಕೆಳಗೆ ಕೆಂಪು ಗೆರೆ. ಕಾರ್ಡು ತಿರುಗಿಸಿದೆ. ಹುಡುಗಿಯ ಹೆಸರು, ಊರು ಉಜ್ಜಿನಿ, ತಾರೀಕು. ಏನು ಸಿಕ್ಕಿತು ಎಂಬಲ್ಲಿ ‘ಸಿಗಲಿಲ್ಲ’ ಎಂದಿತ್ತು.

ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಯಾರು ಎಂಬಲ್ಲಿ ‘ನಮ್ಮ ಸಹಾಯಕಿ’. ಯಾವಾಗ ಎಂಬಲ್ಲಿ ಆ ಸೋಮವಾರದ ತಾರೀಕು. ಏನು ಸಿಕ್ಕಿತು ಎಂಬ ಕಾಲಂ ಖಾಲಿ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು: ‘ಆ ದಿನ ಬೆಳಿಗ್ಗೆಯಿಂದ ಕರೆಂಟ್ ಇಲ್ಲ ಎಂದು ದಿನಚರಿಯಲ್ಲಿ ಆಕೆಯೇ ಬರೆದಿದ್ದಾಳೆ. ನಾನೂ ನೋಡಬೇಕಿತ್ತು.’

ಸರ್‌ಗೆ ಗೊತ್ತಿತ್ತು. ಆ ಹುಡುಗಿಯ ಮುಂದೆ ಕೈ ಮುಗಿದಾಗ ಗೊತ್ತಿತ್ತೋ, ಬಳ್ಳಾರಿಯಿಂದ ಬಂದ ಮೇಲೆ ಗೊತ್ತಾಯಿತೋ, ಅದನ್ನು ಕೇಳಲು ಈಗ ಯಾರೂ ಇಲ್ಲ. ಅಷ್ಟು ಸೋಮವಾರಗಳು ಪಕ್ಕದಲ್ಲೇ ಕೂತು, ಮಿರ್ಚಿ ತಿನ್ನಿಸಿ, ನಾನೇ ಬಂದು ಹೇಳುತ್ತೇನೆಂದು ಕಾದರು. ಬಸ್ಸಿಗೆ ಟೈಮ್ ಐತಿ ಎಂದು ಕೊನೆಯ ದಿನವೂ ಕಾದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು.

ಆಮೇಲೆ ಹಸಿರು ಪೆನ್ನು ಹುಡುಕಿ ತೆಗೆದು, ಖಾಲಿ ಕಾಲಮ್ಮಿನಲ್ಲಿ ಬರೆದೆ: ‘ಸರ್, ಅವತ್ತು ನಾನು ತೆರೆದು ನೋಡಿರಲಿಲ್ಲ.’ ಸರ್‌ಗೆ ಅದು ಮುಟ್ಟುವುದಿಲ್ಲ. ಬರೆಯುವಾಗಲೇ ಗೊತ್ತಿತ್ತು.

ಕಾರ್ಡಿನ ಮೇಲಿನ ಸಾಲಿನಲ್ಲಿ ಇರುವ ಹುಡುಗಿ ಈಗಲೂ ಉಜ್ಜಿನಿಯಲ್ಲೇ ಇದ್ದಾಳಂತೆ. ಇವತ್ತು ಕೊಟ್ಟೂರಿಗೆ ಫೋನ್ ಮಾಡಿ ವಿಚಾರಿಸಿದೆ. ಈ ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಕಾರ್ಡನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಅವತ್ತಿನ ತಪ್ಪು ಸರ್‌ದಲ್ಲ ಎಂದು ಆಕೆಗೆ ಹೇಳಬೇಕು.